ಸುತ್ತಿಗೆ ಬೀಳುವ ಮೊದಲು

ಪಾವಗಡದ ಬಿಸಿಲು ನೆತ್ತಿ ಸುಡುತ್ತಿದೆ. ಕ್ಯಾತಗಾನಚೆರ್ಲು ಕಡೆಯಿಂದ ಬಂದ ಟೆಂಪೊ ಗುಜರಿ ಅಂಗಡಿಯ ಮುಂದೆ ಮೂಟೆ ಸುರಿಯುತ್ತದೆ. ಸೊಟ್ಟಾದ ತಂಬಿಗೆ, ತೂತುಬಿದ್ದ ಕೊಡಪಾನ, ಸುಟ್ಟ ಮೋಟರಿನ ತಂತಿ. ಅದರ ನಡುವೆ ಬಾಗಿದ ಕೊಳವೆಯೊಂದು ಕಂಡು ನಿಮ್ಮ ಎದೆ ಡವಡವ ಎನ್ನುತ್ತದೆ. ಕೊಂಬು!

ಹಳೆಯ ಬಾಕು, ಕಹಳೆ ಹುಡುಕುವುದು ನಿಮ್ಮ ಹುಚ್ಚು. ಮನೆಯ ಗೋಡೆಯ ಮೇಲೆ ಬೆಳ್ಳಿ ಕಟ್ಟಿನ ಕೊಡಗಿನ ಪೀಚೆಕತ್ತಿ ಇದೆ. ಮೊರಾಕ್ಕೊದ ಬರ್ಬರರು ಹೆಗಲಿನಿಂದ ಇಳಿಬಿಡುವ ಡೊಂಕು ಬಾಕನ್ನು ಚಿತ್ರದಲ್ಲಿ ನೋಡಿಯೇ ಆಸೆಪಟ್ಟಿದ್ದೀರಿ. ಆದರೆ ಆಸೆ ಮುಖದಲ್ಲಿ ಕಂಡರೆ ಬೆಲೆ ಏರುತ್ತದೆ. ಸುಮ್ಮನೆ ಕೂತು ಕೊಂಬನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೀರಿ.

ಬೆರಳಿಗೆ ಹಸಿರು ಕಿಲುಬು ಅಂಟುತ್ತದೆ, ಮೂಗಿಗೆ ಹುಳಿ ವಾಸನೆ. ಬೆಸುಗೆಯ ಗೆರೆ ಒರಟು; ಊದುವ ಬಾಯಿಯ ಅಂಚು ಮಾತ್ರ ತುಟಿ ತಾಗಿ ತಾಗಿ ನುಣುಪಾಗಿದೆ. ಬಾಗಿನ ಹೊಟ್ಟೆಯಲ್ಲಿ ತಾಮ್ರದ ಮೇಲೊಂದು ಹಿತ್ತಾಳೆ ತೇಪೆ. ಯಾರೋ ಇದನ್ನು ಎಸೆಯಲಾರದೆ ರಿಪೇರಿ ಮಾಡಿಸಿದ್ದಾರೆ.

ತುಟಿಗಿಡುತ್ತೀರಿ. ಮೊದಲು ಬರೀ ಗಾಳಿ. ಹೊಟ್ಟೆ ಬಿಗಿಹಿಡಿದು ಮತ್ತೆ ಊದಿದರೆ ತುಟಿ ನಡುಗಿ ದನಿ ಹೊರಡುತ್ತದೆ, ಬೀದಿನಾಯಿಗಳು ಬೊಗಳುತ್ತವೆ. ಬೈಲಕುಪ್ಪೆಯಲ್ಲಿ, 1963ರಲ್ಲಿ ಶುರುವಾದ ನಾಮ್‌ಡ್ರೋಲಿಂಗ್ ಮಠದಲ್ಲಿ, ಟಿಬೆಟಿನ ದುಂಗ್‌ಚೆನ್ ಕೇಳಿದಾಗಲೂ ಹೀಗೇ ಹೊಟ್ಟೆ ಅದುರಿತ್ತು. ಆ ಕಹಳೆ ಆಳೆತ್ತರ ಮೀರಿದ್ದು, ಒಂದರೊಳಗೊಂದು ಸರಿಯುವ ಕೊಳವೆಗಳದ್ದು. ಜೋಡಿಯಾಗಿ ಊದುತ್ತಾರೆ, ಒಬ್ಬ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬನದು ಮೊಳಗುತ್ತಿರುತ್ತದೆ. ಈ ಕೊಂಬಿಗೂ ಜೋಡಿ ಇತ್ತೇ?

"ತಗಂತೀಯೇನಣ್ಣ? ನಾಳೆ ಲೋಡ್ ಹೋಗ್ತದೆ." ಅಂಗಡಿಯ ಹುಡುಗ ಕೊಂಬನ್ನು ಕಸಿದು ಕಲ್ಲಿನ ಮೇಲಿಡುತ್ತಾನೆ. ಚಪ್ಪಟೆಯಾದರೆ ಚೀಲಕ್ಕೆ ಹಿಡಿಯುತ್ತದೆ. ಸುತ್ತಿಗೆ ಮೇಲೇರುತ್ತದೆ.

"ತಡಿಯಪ್ಪಾ!"

ನಿಮ್ಮ ಕೈ ಸುತ್ತಿಗೆಯ ಕೆಳಗಿದೆ. ಅಂಗೈ ಬೆವರಿದೆ.

"ಯಾವ ಊರಿಂದು? ದೇವಸ್ಥಾನದ್ದಾ?"

ಮಾಲೀಕ ಬೇರೆಡೆ ನೋಡುತ್ತಾನೆ. "ಯಾರದೋ ಏನೋ ಅಣ್ಣ."

ಈಗ ನಿಜವಾದ ಭಯ. ಬಿಟ್ಟರೆ ನಾಳೆ ಕುಲುಮೆ. ಕೇಳದೆ ಕೊಂಡರೆ, ಯಾವುದೋ ಊರಿನ ಜಾತ್ರೆಯ ದನಿ ನಿಮ್ಮ ಗೋಡೆಯ ಮೊಳೆಗೆ ನೇತುಬೀಳುತ್ತದೆ. ಕದ್ದ ಮಾಲಾದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಇದೆ: ಲೈಸೆನ್ಸ್ ಇಲ್ಲದೆ ಅಂಥದ್ದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಾಚೆ ಸಾಗಿಸುವಂತೆಯೂ ಇಲ್ಲ.

ತೂಕಕ್ಕೆ ಎಷ್ಟಾಯಿತೋ ಅಷ್ಟು ಎಣಿಸುತ್ತೀರಿ. ತಾರೀಕು ಹಾಕಿಸಿ ಚೀಟಿ ಬರೆಸುತ್ತೀರಿ. ಟೆಂಪೊದವನ ನಂಬರ್ ಕೇಳುತ್ತೀರಿ. ವಾರಸುದಾರರು ಸಿಕ್ಕರೆ ಕೊಂಬು ಅವರದು.

ನೀವೂ ಹಳೆಯ ಲೋಹ ಕೊಳ್ಳುವವರಾದರೆ, ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮೊದಲು ಊರು ಕೇಳಿ, ಬರೆದಿಡಿ.