ಚಿಗವ್ವನ ಅಂಬಲಿಗೆ ಹತ್ತಕ್ಕೆ ಮೂರು

ನಾವು ಮೂವರು. ಒಬ್ಬರದು ಗೋಕಾಕ, ಒಬ್ಬರದು ಮೂಡಲಗಿ, ಒಬ್ಬರದು ಹುಕ್ಕೇರಿ ಕಡೆಯ ಹಳ್ಳಿ. ಚಿಗವ್ವ ಅಂದರೆ ನಮ್ಮೊಳಗಿನ ಮೂಡಲಗಿಯವನ ಚಿಗವ್ವ. ಆದರೆ ಆಕೆಯ ಕೈಯ ಅಂಬಲಿ ಕುಡಿದ ಮೇಲೆ ಮೂವರಿಗೂ ಚಿಗವ್ವನೇ ಆಗಿದ್ದಾಳೆ.

ಹೋದ ವರ್ಷ ಬ್ಯಾಸಗಿಯಲ್ಲಿ ಒಂದು ಕಡೆ ಅಡುಗೆ ಸ್ಪರ್ಧೆ ಇತ್ತು. ನಾವೇ ಚಿಗವ್ವನ ಬೆನ್ನು ಹತ್ತಿದೆವು. ‘ನನ್ನ ಅಂಬಲಿಗೆ ಯಾಂವ ಬಹುಮಾನ ಕೊಡ್ತಾನೋ, ಸುಮ್ನ ಕುಂಡ್ರಿ’ ಅಂದಳು. ನಾವು ಕೇಳಲಿಲ್ಲ. ಫಾರಂ ತುಂಬಿದ್ದೂ ನಾವೇ. ಅದರಲ್ಲಿ ಸಿಹಿ, ಖಾರ, ಪಾನೀಯ ಅಂತ ಮೂರು ಖಾನೆ ಇದ್ದವು. ಅಂಬಲಿ ಕುಡಿಯೋದೇ ತಾನೆ? ಪಾನೀಯಕ್ಕೆ ಗುರುತು ಹಾಕಿದೆವು.

ಅಲ್ಲಿ ಹೋಗಿ ನೋಡಿದರೆ ಚಿಗವ್ವನ ಎಡಕ್ಕೆ ಮಾವಿನಕಾಯಿ ಪಾನಕ, ಬಲಕ್ಕೆ ಬಾದಾಮಿ ಹಾಕಿದ ರಾಗಿ ಮಾಲ್ಟ್, ಆಚೆಗೆ ಕೋಕಂ ಶರಬತ್ತು. ಎಲ್ಲಾ ಗಾಜಿನ ಗ್ಲಾಸಿನಲ್ಲಿ, ಮೇಲೊಂದು ಪುದೀನ ಎಲೆ. ನಡುವೆ ನಮ್ಮ ಸ್ಟೀಲ್ ತಂಬಿಗೆ. ಮೂರು ಮಂದಿ ತೀರ್ಪುಗಾರರು ಒಂದೊಂದೇ ಚಮಚ ರುಚಿ ನೋಡುತ್ತ ಬಂದರು. ಅಂಬಲಿ ಬಾಯಿಗೆ ಹಾಕಿದ ಒಬ್ಬರು ಮುಖ ಕಿವುಚಿ, ಪಕ್ಕದವರನ್ನು ಕೇಳಿದರು: ‘ಇದು ಕೆಟ್ಟಿದೆಯಾ?’

ಹತ್ತಕ್ಕೆ ಮೂರು ಅಂಕ ಬಂತು. ಯಾಕೆ ಮೂರು ಅಂತ ಎಲ್ಲೂ ಬರೆದಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಚಿಗವ್ವ ತಂಬಿಗೆ ತೊಡೆ ಮೇಲೆ ಇಟ್ಟುಕೊಂಡು ಕಿಟಕಿ ಕಡೆ ನೋಡುತ್ತಾ ಕೂತಳು. ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಒಂದೇ ಮಾತು: ‘ನಾಕ ಮಂದಿ ಮುಂದ ಕೆಟ್ಟೈತಿ ಅಂದ್ರಲ್ಲೋ.’ ಸುಗ್ಗಿಯಲ್ಲಿ ಆಳುಕಾಳುಗಳೆಲ್ಲ ಆಕೆಯ ಅಂಬಲಿಗೆ ಕಾಯುತ್ತಾರೆ. ನಲವತ್ತು ವರ್ಷದ ಕೈಗುಣಕ್ಕೆ ಒಂದು ಚಮಚದಲ್ಲಿ ಹೆಸರು ಕೆಡಿಸಿದ್ದು ನಾವು.

ಸಿಟ್ಟಿನಲ್ಲಿ ಆ ತೀರ್ಪುಗಾರರ ಮೇಲೆ ಉದ್ದಕ್ಕೆ ಬರೆದು ಇಟ್ಟಿದ್ದೆವು. ಹಾಕುವ ಮೊದಲು ನಮ್ಮಲ್ಲೊಬ್ಬ ಕೇಳಿದ: ಧಾನ್ಯ ಹುದುಗಿಸಿ ಮಾಡಿದ ಪಾನೀಯಕ್ಕೆ ಬೇರೆ ಕಡೆ ಅಂಕ ಹೆಂಗೆ ಕೊಡುತ್ತಾರೆ, ನೋಡಿದ್ದೀವೇನು? ಹುಡುಕುತ್ತ ಹೋದರೆ ಸಿಕ್ಕಿದ್ದು ಬೀರ್.

ಹುಬ್ಬು ಏರಿಸಬ್ಯಾಡ್ರಿ. 2007ರಲ್ಲಿ ಸರಾಯಿ ನಿಂತಾಗ ನಮ್ಮ ಓಣಿಯ ಹೆಂಗಸರು ಎಷ್ಟು ಖುಷಿಪಟ್ಟರು ಅಂತ ಮನೆಯಲ್ಲಿ ಕೇಳಿಕೊಂಡೇ ಬೆಳೆದವರು ನಾವು. ಲೈಸನ್ಸ್ ಇಲ್ಲದೆ ಮನೆಯಲ್ಲಿ ಬೀರ್ ಮಾಡುವುದು ಕರ್ನಾಟಕದ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಹಂಗಾಗಿ ಮಾಡುವುದು ಬೇಡ. ಆದರೆ ಅಮೆರಿಕದಂಥ ದೇಶಗಳಲ್ಲಿ ಜನ ಮನೆಯಲ್ಲೇ ಬೀರ್ ತಯಾರಿಸಿ ಸ್ಪರ್ಧೆಗೆ ಕಳಿಸುತ್ತಾರೆ. ತೀರ್ಪು ಕೊಡುವವರಿಗೆ ಪರೀಕ್ಷೆ ಇದೆ. ‘ಬೀರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ’ ಅನ್ನುವ ಸಂಸ್ಥೆ 1985ರಿಂದ ಈ ಕೆಲಸ ಮಾಡುತ್ತ ಬಂದಿದೆ. ಅವರ ಅಂಕಪಟ್ಟಿ ನೋಡಿ ನಾವು ಬೆರಗಾದೆವು.

ಒಟ್ಟು 50 ಅಂಕ. ವಾಸನೆಗೆ 12, ರುಚಿಗೆ 20, ಬಾಯಲ್ಲಿ ಹೆಂಗೆ ಅನಿಸುತ್ತದೆ ಅನ್ನುವುದಕ್ಕೆ 5, ಒಟ್ಟಾರೆ 10. ನೋಟಕ್ಕೆ? ಬರೀ 3.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದರೆ ನಮ್ಮ ಕಡೆ ಕಬ್ಬಿನ ಸೀಮೆ. ಬೆಲ್ಲದ ಹರಾಜಿನಲ್ಲಿ ಮೊದಲು ನೋಡುವುದು ಬಣ್ಣ. ಹಳದಿ ಹೊಳೆಯುವ ಪೆಂಟೆಗೆ ರೇಟು, ಕಪ್ಪಗಿದ್ದರೆ ಕೇಳುವವರಿಲ್ಲ. ಅದಕ್ಕೇ ಗಾಣದ ಮನೆಯಲ್ಲಿ ‘ಹೈಡ್ರೋಸ್’ ಪುಡಿ ಬಂದು ಕೂತಿತು. ಅದನ್ನು ಹಾಕದ ಬೆಲ್ಲ ಕಪ್ಪಗೇ ಇರುತ್ತದೆ. ಈಗ ಅದನ್ನೇ ಸಾವಯವ ಅಂತ ಪ್ಯಾಟಿಯವರು ಹೆಚ್ಚು ರೊಕ್ಕ ಕೊಟ್ಟು ಒಯ್ಯುತ್ತಾರೆ. ನೋಡುವವನ ಕಣ್ಣು ಬದಲಾದರೆ ಕೊಪ್ಪರಿಗೆಯಲ್ಲಿ ಕುದಿಯುವುದೂ ಬದಲಾಗುತ್ತದೆ.

ಇರಲಿ, ಬೀರಿಗೆ ಬರೋಣ. ಬಾಟಲಿ ಮೇಲೆ ಮಾಡಿದವರ ಹೆಸರು ಇರುವುದಿಲ್ಲ, ಬರೀ ನಂಬರು. ಒಂದು ಬಾಟಲಿಯನ್ನು ಕನಿಷ್ಠ ಇಬ್ಬರು ನೋಡುತ್ತಾರೆ. ಮೊದಲು ಮಾತಾಡದೆ ತಮ್ಮ ತಮ್ಮ ಹಾಳೆಯಲ್ಲಿ ಅಂಕ ಹಾಕುತ್ತಾರೆ. ಆಮೇಲೆ ಕೂಡಿ ಮಾತಾಡುತ್ತಾರೆ. ಅಂಕಗಳ ನಡುವೆ ಅಂತರ ಬಹಳ ಇದ್ದರೆ ಮತ್ತೆ ರುಚಿ ನೋಡಿ ಹತ್ತಿರ ತರುತ್ತಾರೆ. ತಾನು ಬೀರ್ ಕಳಿಸಿದ ವಿಭಾಗಕ್ಕೆ ತಾನೇ ತೀರ್ಪುಗಾರನಾಗಿ ಕೂಡುವಂತಿಲ್ಲ. ಹಾಳೆಯಲ್ಲಿ ಅಂಕದ ಜೊತೆಗೆ ಕಾರಣ ಬರೆಯಬೇಕು, ಏನು ತಿದ್ದಿಕೊಳ್ಳಬೇಕು ಅಂತಲೂ ಬರೆಯಬೇಕು. ಆ ಹಾಳೆ ಮಾಡಿದವರ ಮನೆಗೆ ಹೋಗುತ್ತದೆ. ಬಹಳ ಮಂದಿ ಸ್ಪರ್ಧೆಗೆ ಕಳಿಸುವುದು ಪದಕಕ್ಕಿಂತ ಆ ಹಾಳೆಗಾಗಿ.

ನಮ್ಮ ಕಣ್ಣು ತೆರೆಸಿದ ಸಂಗತಿ ಇನ್ನೊಂದು. ಜರ್ಮನಿಯ ಬರ್ಲಿನ್ ಕಡೆ ‘ಬರ್ಲಿನರ್ ವೈಸ್’ ಅಂತ ಗೋಧಿ ಹಾಕಿದ ಬೀರ್ ಇದೆ. ನಾಲಗೆ ಚುರ್ ಅನ್ನುವಷ್ಟು ಹುಳಿ. ಮೊಸರು ಹೆಪ್ಪಾಗಿಸುವ ಜಾತಿಯ ಸೂಕ್ಷ್ಮಜೀವಿಗಳೇ ಅದನ್ನು ಹುಳಿ ಮಾಡುತ್ತವೆ, ನಮ್ಮ ಅಂಬಲಿಯನ್ನು ಮಾಡಿದಂತೆ. ಅದನ್ನು ಅದರದೇ ವಿಭಾಗಕ್ಕೆ ಕಳಿಸಿದರೆ ಹುಳಿಗೆ ಅಂಕ. ಅದೇ ಬಾಟಲಿಯನ್ನು ಲಾಗರ್ ಅನ್ನುವ ವಿಭಾಗಕ್ಕೆ ಕಳಿಸಿದರೆ? ಹುಳಿ ಬಂದಿದೆ, ಕೆಟ್ಟಿದೆ ಅಂತ ಬರೆಯುತ್ತಾರೆ. ಬೀರ್ ಅದೇ, ನಾಲಗೆಯೂ ಅದೇ. ಅಲ್ಲಿ ತೀರ್ಪುಗಾರರು ‘ನನಗೆ ಸೇರಿತೋ ಇಲ್ಲವೋ’ ಅಂತ ನೋಡುವುದಿಲ್ಲ. ‘ನೀನು ಏನಂತ ಹೇಳಿ ಕಳಿಸಿದಿಯೋ, ಇದು ಅದಾಗಿದೆಯಾ’ ಅಂತ ನೋಡುತ್ತಾರೆ.

ಪಾನಕ, ಶರಬತ್ತಿನ ಸಾಲಿನಲ್ಲಿ ಹುಳಿ ಅಂಬಲಿ ಇಟ್ಟವರು ನಾವು. ಸಿಟ್ಟಿನಲ್ಲಿ ಬರೆದದ್ದನ್ನು ಅಳಿಸಿದೆವು.

ಆಮೇಲೆ ಒಂದು ಭಾನುವಾರ ಚಿಗವ್ವನ ಮನೆಯಲ್ಲೇ ಪರೀಕ್ಷೆ ಇಟ್ಟೆವು. ಮೂರು ತಾಲ್ಲೂಕಿನ ಮೂರು ಮನೆಯ ಅಂಬಲಿ, ಒಂದೇ ನಮೂನೆಯ ಲೋಟ, ತಳಕ್ಕೆ ನಂಬರಿನ ಚೀಟಿ. ಗೋಕಾಕದ ಮನೆಯದು ಮಜ್ಜಿಗೆ ಬೆರೆಸಿ ತೆಳ್ಳಗೆ. ಹುಕ್ಕೇರಿಯದು ಜೋಳದ ನುಚ್ಚಿನದು, ಗಟ್ಟಿ. ಚಿಗವ್ವನದು ಹಿಟ್ಟನ್ನೇ ರಾತ್ರಿ ನೀರಲ್ಲಿ ಕಲಸಿ ಹುಳಿ ಬರಿಸಿ, ಬೆಳಿಗ್ಗೆ ಕುದಿಸಿ, ಬೆಳ್ಳುಳ್ಳಿ ಜೀರಿಗೆ ಹಾಕಿದ್ದು. ನಮ್ಮ ಹುಕ್ಕೇರಿಯವನು ಬಹಳ ಗಂಭೀರವಾಗಿ ರುಚಿ ನೋಡಿ ಒಂದು ಲೋಟಕ್ಕೆ ಎಲ್ಲಕ್ಕಿಂತ ಕಡಿಮೆ ಅಂಕ ಹಾಕಿದ. ಚೀಟಿ ತೆಗೆದರೆ ಅವರ ಅವ್ವನದು! ಈ ಸುದ್ದಿ ಇನ್ನೂ ಹುಕ್ಕೇರಿ ಮುಟ್ಟಿಲ್ಲ. ನೀವೂ ಮುಟ್ಟಿಸಬ್ಯಾಡ್ರಿ.

ಅವತ್ತೇ ಇನ್ನೊಂದು ವಿಷಯ ಹೊರಬಿತ್ತು. ಚಿಗವ್ವ ದಿನಾ ಬೆಳಿಗ್ಗೆ ಕುದಿಸುತ್ತಾಳೆ. ಕುದಿಸಿದರೆ ಹುಳಿ ಏರುವುದು ಅಲ್ಲಿಗೆ ನಿಲ್ಲುತ್ತದೆ. ಸ್ಪರ್ಧೆಯ ದಿನ ನಸುಕಿನ ಬಸ್ಸು ಹಿಡಿಯಬೇಕು ಅಂತ ನಾವು ಹಿಂದಿನ ಸಂಜೆಯೇ ಕುದಿಸಿ, ಮಜ್ಜಿಗೆ ಬೆರೆಸಿ ಇಡಲು ಹೇಳಿದ್ದೆವು. ಮಜ್ಜಿಗೆ ಬಿದ್ದ ಮೇಲೆ ಹುಳಿ ಮತ್ತೆ ಏರತೊಡಗುತ್ತದೆ. ಏಪ್ರಿಲ್ ತಿಂಗಳ ರಾತ್ರಿ, ಮೇಲೆ ಎರಡು ತಾಸು ಬಸ್ಸಿನ ಸೆಕೆ. ಆ ತೀರ್ಪುಗಾರರು ಕುಡಿದದ್ದು ಚಿಗವ್ವನ ಅಂಬಲಿಯೇ ಅಲ್ಲ ಅನ್ನಬಹುದು. ಆಕೆಗೆ ಇದು ಆವತ್ತೇ ಗೊತ್ತಿತ್ತಂತೆ. ‘ಮತ್ತ ಯಾಕ ಹೇಳ್ಲಿಲ್ಲ?’ ಅಂದರೆ, ‘ಓದಿದಾವ್ರು ನೀವು ಹೇಳೀರಿ ಅಂತ ಸುಮ್ನಾದ್ನಿ’ ಅಂದಳು.

ಕೃಷಿ ಇಲಾಖೆಯವರು ಜಿಲ್ಲೆಗಳಲ್ಲಿ ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಪಾಕ ಸ್ಪರ್ಧೆ ನಡೆಸುತ್ತಾರೆ. ಆ ನಮೂನೆಯ ವಿಭಾಗ ಇರುವ ಇನ್ನೊಂದು ಸಣ್ಣ ಸ್ಪರ್ಧೆ ಮುಂದೆ ಸಿಕ್ಕಿತು. ಈ ಸಲ ‘ಮರೆತುಹೋದ ಖಾದ್ಯ’ ಅಂತ ತುಂಬಿಸಿದೆವು. ಅದಕ್ಕೂ ಚಿಗವ್ವನ ತಕರಾರು: ‘ಯಾರ ಮರ್ತಾರ? ನಾ ನಿನ್ನೇನೂ ಕುಡ್ದೇನಿ.’ ಸಂಘಟಕರಿಗೆ ಮೊದಲೇ ಫೋನ್ ಮಾಡಿ, ಅಲ್ಲೇ ಕುದಿಸಬಹುದಾ ಅಂತ ಕೇಳಿಕೊಂಡೆವು. ಒಂದು ರಟ್ಟಿನ ಮೇಲೆ ಬರೆದಿಟ್ಟೆವು: ‘ಹುಳಿ ಅಂಬಲಿ. ಜೋಳದ ಹಿಟ್ಟನ್ನು ರಾತ್ರಿಯಿಡೀ ಹುದುಗಿಸಿ ಮಾಡಿದ್ದು. ಹುಳಿಯೇ ಇದರ ರುಚಿ.’

ತೀರ್ಪುಗಾರ್ತಿಯೊಬ್ಬರು ರಟ್ಟು ಓದಿ, ಒಂದು ಗುಟುಕು ಕುಡಿದು, ಎಷ್ಟು ತಾಸು ಇಟ್ಟಿದ್ರಿ ಅಂತ ಕೇಳಿದರು. ಮತ್ತೊಂದು ಗುಟುಕು ಕುಡಿದರು. ಬಹುಮಾನ ಜೋಳದ ವಡೆ ಮಾಡಿದ ಅಕ್ಕಾರಿಗೆ ಹೋಯಿತು. ವಡೆ ನಾವೂ ತಿಂದೆವು, ತಕರಾರಿಲ್ಲ. ನಾವು ಕೇಳಿದ್ದಕ್ಕೆ ಆ ತೀರ್ಪುಗಾರ್ತಿ ನಮ್ಮ ಫಾರಂ ಹಿಂದೆ ಎರಡು ಸಾಲು ಬರೆದುಕೊಟ್ಟರು: ‘ಹುಳಿ ಹದವಾಗಿದೆ. ಸಣ್ಣ ಗಂಟುಗಳು ಉಳಿದಿವೆ.’

ಬಸ್ಸಿನಲ್ಲಿ ಚಿಗವ್ವನಿಗೆ ಓದಿ ಹೇಳಿದೆವು. ಇನ್ನೊಮ್ಮೆ ಓದಿಸಿಕೊಂಡಳು. ‘ಗಂಟು ಖರೇ ಐತಿ,’ ಅಂದಳು. ‘ಆ ಗ್ಯಾಸಿನ ಉರಿ ಹೆಚ್ಚಾತು, ನನ್ನ ಕೈ ತಡ ಆತು.’ ಆ ಕಾಗದ ಈಗ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿದೆ.