ಗಂಟೆ ಬರೆಸಿಕೋ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ವಾಯ್ಸ್ ಮೆಸೇಜನ್ನು ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಬರುವಾಗ ಟ್ರಾಮಿನಲ್ಲಿ ಕೂತು ಎರಡು ಸಲ ಕೇಳಿದೆ. ಕ್ರಿಟಿಕಲ್ ಕೇರ್ ಡಿಪ್ಲೊಮಾ ಮುಗಿಯುವುದಕ್ಕೆ ಇನ್ನು ಮೂರೇ ತಿಂಗಳು, ಆಮೇಲೆ ನಾನೂ ಜರ್ಮನಿಗೆ ಬರ್ತೀನಿ ಅಕ್ಕಾ ಅಂದೆಯಲ್ಲ, ಆ ಸಂತೋಷದಲ್ಲಿ ಇಳಿಯುವ ಸ್ಟಾಪನ್ನೇ ಮರೆತು ಮುಂದೆ ಹೋಗಿಬಿಟ್ಟೆ. ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆಯುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದನ್ನು ಎತ್ತಿಟ್ಟುಕೋ.

ನಾನು ಬಂದದ್ದು 2021ರ ಅಕ್ಟೋಬರಿನಲ್ಲಿ. ಅದೇ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಐಸಿಯುನಲ್ಲಿ ನಾನು ಹೇಗಿದ್ದೆ ಎಂದು ನಿನಗೆ ಗೊತ್ತು. ಪಿಪಿಇ ಬಿಚ್ಚಿದರೆ ಮೈಮೇಲಿನ ಬಟ್ಟೆ ಹಿಂಡುವಷ್ಟು ಒದ್ದೆ. ಎಷ್ಟು ವೆಂಟಿಲೇಟರ್ ನೋಡಿಕೊಂಡೆನೋ, ಎಷ್ಟು ಜನರ ಕೈ ಹಿಡಿದುಕೊಂಡು ನಿಂತೆನೋ ಲೆಕ್ಕವಿಲ್ಲ. ಆರು ವರ್ಷದ ಐಸಿಯು ಅನುಭವ, ಮೇಲೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ಇಷ್ಟು ಇಟ್ಟುಕೊಂಡು ಹೋದವಳಿಗೆ ಅಲ್ಲಿ ಐಸಿಯು ಬಾಗಿಲು ತಾನಾಗಿ ತೆರೆಯುತ್ತದೆ ಎಂದುಕೊಂಡಿದ್ದೆ.

ಇಲ್ಲಿ ನರ್ಸ್ ಅನ್ನುವ ಹೆಸರನ್ನು ಕಾನೂನು ಕಾಯುತ್ತದೆ, ಪುಟ್ಟಿ. 2020ರ ಜನವರಿ 1ರಿಂದ ಹೊಸ ಕಾನೂನು ಬಂದಿದೆ. ಇಲ್ಲಿಯ ಮಕ್ಕಳು ಮೂರು ವರ್ಷದಲ್ಲಿ 2100 ಗಂಟೆ ಪಾಠ, 2500 ಗಂಟೆ ವಾರ್ಡಿನ ಕೆಲಸ ಮುಗಿಸಿ, ಪರೀಕ್ಷೆ ಪಾಸಾದ ಮೇಲೆ 'ಫ್ಲೇಗೆಫಾಖ್‌ಫ್ರಾವ್' ಆಗುತ್ತಾರೆ. ನಮ್ಮಂಥವರ ಓದನ್ನು ಆಯಾ ರಾಜ್ಯದ ಕಚೇರಿ ಇದರ ಪಕ್ಕ ಇಟ್ಟು ನೋಡುತ್ತದೆ. ಸರಿಸಮ ಅನ್ನಿಸಿದರೆ ಮನ್ನಣೆ. ಇಲ್ಲದಿದ್ದರೆ ಏನೇನು ಕಡಿಮೆ ಇದೆ ಎಂದು ಒಂದು ಪತ್ರ ಬರುತ್ತದೆ. 'ಡೆಫಿಝಿಟ್‌ಬೆಶೈಡ್' ಎನ್ನುತ್ತಾರೆ, ಕೊರತೆಯ ಪತ್ರ. ನನ್ನ ಪತ್ರದಲ್ಲಿ ವೃದ್ಧರ ಆರೈಕೆ ಕಡಿಮೆ, ಮನೆಗೆ ಹೋಗಿ ಮಾಡುವ ಶುಶ್ರೂಷೆ ಕಡಿಮೆ ಎಂದಿತ್ತು. ಅದನ್ನು ತುಂಬಿಸುವುದಕ್ಕೆ ಎರಡು ದಾರಿ. ಆಸ್ಪತ್ರೆಯಲ್ಲಿ ಹೊಂದಾಣಿಕೆಯ ತರಬೇತಿ ಮುಗಿಸಬೇಕು, ಇಲ್ಲವೇ 'ಕೆಂಟ್‌ನಿಸ್‌ಪ್ರ್ಯೂಫುಂಗ್' ಎಂಬ ಪರೀಕ್ಷೆಗೆ ಕೂರಬೇಕು. ಅದರ ಜೊತೆಗೆ ಬಿ2 ಮಟ್ಟದ ಜರ್ಮನ್. ಅಲ್ಲಿಯವರೆಗೆ ನೀನು ಸಹಾಯಕಿ, ಸಂಬಳವೂ ಸಹಾಯಕಿಯದೇ.

ನನ್ನ ಸ್ಪೆಷಲ್ ಡಿಪ್ಲೊಮಾವನ್ನು ಈ ಹಂತದಲ್ಲಿ ಯಾರೂ ಬಿಡಿಸಿ ನೋಡಲಿಲ್ಲ. ಮೊದಲು ನೀನು ನರ್ಸ್ ಹೌದೋ ಅಲ್ಲವೋ ತೀರ್ಮಾನ ಆಗಬೇಕು. ಐಸಿಯು ನರ್ಸೇ ಅನ್ನುವ ಪ್ರಶ್ನೆ ಬರುವುದು ಅದಾದ ಮೇಲೆ. ಇದನ್ನು ನನಗೆ ಮುಂಚೆ ಯಾರೂ ಹೇಳಿರಲಿಲ್ಲ.

ಒಂದು ಸಂಗತಿಯನ್ನು ಅಮ್ಮನಿಗೂ ಹೇಳಿಲ್ಲ. ಬಂದ ಮೊದಲ ಚಳಿಗಾಲ, ಡಿಸೆಂಬರ್. ಕೋವಿಡ್ ಮತ್ತೆ ಏರಿ ಮೇಲಿನ ಮಹಡಿಯ ಐಸಿಯು ತುಂಬಿ ತುಳುಕುತ್ತಿತ್ತು. ನಾನು ಕೆಳಗಿನ ವಾರ್ಡಿನಲ್ಲಿ ಸಂಜೆಯ ಊಟದ ಟ್ರೇ ಹಂಚುತ್ತಿದ್ದೆ, ಬ್ರೆಡ್ಡು, ಚೀಸು, ಒಂದು ಲೋಟ ಹರ್ಬಲ್ ಟೀ. ಒಂದು ಕೋಣೆಯಲ್ಲಿ ಐಸಿಯುನಿಂದ ಕೆಳಗೆ ಕಳಿಸಿದ ಅಜ್ಜ ಇದ್ದರು, ಕತ್ತಿನಲ್ಲಿ ಟ್ರಕಿಯಾಸ್ಟಮಿ ಟ್ಯೂಬು. ಪಕ್ಕದ ಹಾಸಿಗೆಯವರಿಗೆ ಟ್ರೇ ಇಡುವಾಗ ಆ ಟ್ಯೂಬಿನ ಸದ್ದು ಕಿವಿಗೆ ಬಿತ್ತು, ನೀರಿನಲ್ಲಿ ಗಾಳಿ ಊದಿದ ಹಾಗೆ ಗುಳುಗುಳು. ಮಾನಿಟರ್ ಇನ್ನೂ ಸುಮ್ಮನಿತ್ತು. ಕಫ ಕಟ್ಟಿದೆ, ಈಗ ಸಕ್ಷನ್ ಮಾಡದಿದ್ದರೆ ಇನ್ನೆರಡು ನಿಮಿಷದಲ್ಲಿ ಸ್ಯಾಚುರೇಷನ್ ಇಳಿಯುತ್ತದೆ. ನನ್ನ ಬಲಗೈ ಗೋಡೆಯ ಸಕ್ಷನ್ ಕಡೆಗೆ ಹೋಗಿಯೇಬಿಟ್ಟಿತ್ತು. ಅರ್ಧ ದಾರಿಯಲ್ಲಿ ನಿಲ್ಲಿಸಿಕೊಂಡೆ. ಅದನ್ನು ಮುಟ್ಟುವ ಹಕ್ಕು ನನಗಿರಲಿಲ್ಲ. ಬೆಲ್ ಒತ್ತಿ, ಅಜ್ಜನ ತಲೆದಿಂಬು ಎತ್ತರಿಸಿ, ಕೈ ಹಿಡಿದುಕೊಂಡು ನಿಂತೆ. ನರ್ಸ್ ಓಡಿ ಬಂದು ಸಕ್ಷನ್ ಮಾಡಿದಳು, ಅಜ್ಜನ ಉಸಿರು ಸಲೀಸಾಯಿತು. ಅಲಾರಾಂ ಆಗುವ ಮೊದಲೇ ನಿನಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳಿದಳು. ನನ್ನ ಆಗಿನ ಜರ್ಮನ್ನಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಉಳಿದ ಟ್ರೇಗಳನ್ನು ಹಂಚಿ ಮುಗಿಸಿ, ಮೆಟ್ಟಿಲ ಹತ್ತಿರ ಹೋಗಿ ಅತ್ತುಬಿಟ್ಟೆ.

ಆ ನಿಯಮವೇ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಅಪ್ಪನ ಕತ್ತಿನಲ್ಲಿ ಟ್ಯೂಬಿದ್ದರೆ, ಬಂದವಳು ಎಲ್ಲಿ ಕಲಿತವಳು ಎಂದು ನಾನೂ ಕೇಳುತ್ತಿದ್ದೆ. ನನಗೆ ತಪ್ಪಾಗಿ ಕಾಣುವುದು ಅದಕ್ಕೆ ಹಿಡಿಯುವ ಕಾಲ. ಮೇಲೆ ನರ್ಸುಗಳಿಲ್ಲ ಎಂದು ಹಾಸಿಗೆ ಮುಚ್ಚುವ ಮಾತು ನಡೆಯುತ್ತಿದ್ದಾಗ, ಕೆಳಗೆ ಕಲಿತ ಕೈಗಳು ತಿಂಗಳುಗಟ್ಟಲೆ ಒಂದು ಕಾಗದಕ್ಕೆ ಕಾಯುತ್ತಿದ್ದವು. ಈಗ ಸ್ವಲ್ಪ ಸುಧಾರಿಸಿದೆ. 2024ರಿಂದ, ಬೇಕೆಂದರೆ ಆ ಉದ್ದದ ಹೋಲಿಕೆಯನ್ನು ಬಿಟ್ಟುಕೊಟ್ಟು ನೇರವಾಗಿ ಪರೀಕ್ಷೆಗೋ ತರಬೇತಿಗೋ ಹೋಗಬಹುದು. ನೀನು ಆ ದಾರಿ ಹಿಡಿ. ಬರೀ ಕಾದು ಕೂರುವುದಕ್ಕಿಂತ ಓದುವುದು ವಾಸಿ.

ಪರೀಕ್ಷೆಗೆ ಹೆದರಬೇಡ. ಬಾಯಿಮಾತಿನದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಆಮೇಲೆ ನಿಜವಾದ ರೋಗಿಯ ಪಕ್ಕದಲ್ಲಿ ನಿಂತು ಮಾಡಿ ತೋರಿಸುವುದು. ಫೇಲಾದರೆ ಇನ್ನೊಂದೇ ಅವಕಾಶ. ನನಗೆ ಬಂದದ್ದು ಸೊಂಟದ ಮೂಳೆ ಮುರಿದ 84 ವರ್ಷದ ಅಜ್ಜಿ. ಮೈ ಒರೆಸಿ ಶುಚಿ ಮಾಡುವುದರಿಂದ ಶುರು. ಬೆಂಗಳೂರಿನಲ್ಲಿ ಈ ಕೆಲಸವನ್ನು ಆಯಾನೋ ರೋಗಿಯ ಕಡೆಯವರೋ ಮಾಡುತ್ತಾರೆ, ನಾವು ಇಂಜೆಕ್ಷನ್ನು, ಡ್ರಿಪ್ಪು, ಫೈಲು ಎಂದು ಓಡಾಡುತ್ತೇವೆ. ಇಲ್ಲಿ ಮೈ ತೊಳೆಸುವುದೇ ನರ್ಸಿನ ಮೊದಲ ಕೆಲಸ. ಚರ್ಮ, ಉಸಿರು, ನೋವು, ಮನಸ್ಸು ಎಲ್ಲವನ್ನೂ ಆ ಇಪ್ಪತ್ತು ನಿಮಿಷದಲ್ಲಿ ಓದಿಕೊಳ್ಳಬೇಕು. ಕೈಗೆ ಚೀಲದ ಹಾಗೆ ತೊಡುವ ಒಂದು ಟವೆಲ್ ಬಟ್ಟೆ ಇರುತ್ತದೆ. ಮುಖಕ್ಕೆ ಸೋಪು ಬೇಕೋ ಬೇಡವೋ ಎಂದು ಕೇಳಬೇಕು. ಕಣ್ಣನ್ನು ನಾವು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒರೆಸಲು ಕಲಿತವರು. ಇಲ್ಲಿ ನನಗೆ ಕಲಿಸಿದ್ದು ಹೊರಗಿನ ಮೂಲೆಯಿಂದ ಮೂಗಿನ ಕಡೆಗೆ. ಅಷ್ಟು ಚಿಕ್ಕದನ್ನು ಬದಲಿಸಿಕೊಳ್ಳುವುದಕ್ಕೆ ನನ್ನ ಕೈಗೆ ಎರಡು ವಾರ ಹಿಡಿಯಿತು.

ಆ ಅಜ್ಜಿಯನ್ನು ಮಗ್ಗುಲಾಗಿಸಿದಾಗ ನನಗೆ ಕಂಡದ್ದು ನಮ್ಮ ಅಜ್ಜಿಯ ಬೆನ್ನು. ನೆನಪಿದೆಯಾ? ನೀನಾಗ ಆರನೇ ಕ್ಲಾಸು. ಬಚ್ಚಲ ಹಂಡೆಯ ಬಿಸಿನೀರು ತಂದು, ಅಪ್ಪನ ಹಳೇ ಪಂಚೆಯ ತುಂಡು ಅದ್ದಿ, ನಾವಿಬ್ಬರೂ ಸೇರಿ ಒರೆಸುತ್ತಿದ್ದೆವು. ಬೆನ್ನ ಕೆಳಗೆ ಕೆಂಪಗಾಗಿದ್ದನ್ನು ಮೊದಲು ನೋಡಿದವಳು ನೀನು. ಅವತ್ತಿನಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು, ಹುಣ್ಣಾಗಲು ಬಿಡಲಿಲ್ಲ. ಪರೀಕ್ಷೆಯಲ್ಲಿ ಆ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ, ಕೆಂಪು ಹೋಗಿ ಮತ್ತೆ ಬರುತ್ತದೆಯೇ ಎಂದು ಗಮನಿಸಿ ಹೇಳಿದೆ. ಪರೀಕ್ಷಕಿ ತಲೆದೂಗಿ ಬರೆದುಕೊಂಡರು. 2022ರ ಸೆಪ್ಟೆಂಬರಿನಲ್ಲಿ ಮನ್ನಣೆಯ ಪತ್ರ ಕೈಗೆ ಬಂತು. ಅದರ ಫೋಟೋವನ್ನು ಮೊದಲು ಕಳಿಸಿದ್ದು ನಿನಗೇ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಐಸಿಯುಗೆ ಹಾಕಿದರು, ಸಂತೋಷ. ಆದರೆ ವಿಶೇಷ ತರಬೇತಿ ಪಡೆದವಳು ಎಂಬ ಹೆಸರಿಗೂ ಅದರ ಸಂಬಳಕ್ಕೂ ಇನ್ನೊಂದು ಅರ್ಜಿ. ಅದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನು ಇಲ್ಲ, ಒಂದೊಂದು ರಾಜ್ಯದ್ದು ಒಂದೊಂದು ಪದ್ಧತಿ. ಇಲ್ಲಿಯ ನರ್ಸುಗಳು ಅದನ್ನು ಕೆಲಸದ ಜೊತೆಜೊತೆಗೇ ಎರಡು ವರ್ಷ ಕಲಿಯುತ್ತಾರೆ. ಜರ್ಮನ್ ಆಸ್ಪತ್ರೆಗಳ ಒಕ್ಕೂಟದ ಶಿಫಾರಸಿನಂತೆ ಕನಿಷ್ಠ 720 ಗಂಟೆ ಪಾಠ, 1800 ಗಂಟೆ ವಾರ್ಡಿನ ಕಲಿಕೆ. ಇನ್ನೊಂದು ವಿಷಯ, ಇವರ ಕೋರ್ಸಿನ ಹೆಸರಿನಲ್ಲೇ ಐಸಿಯು ಮತ್ತು ಅನಸ್ತೇಷಿಯಾ ಎರಡೂ ಸೇರಿವೆ. ನಮ್ಮ ಡಿಪ್ಲೊಮಾ ಬರೀ ಕ್ರಿಟಿಕಲ್ ಕೇರಿನದು. ನಾನಿದ್ದ ಕಡೆ ಅನಸ್ತೇಷಿಯಾ ಡಾಕ್ಟರ ಪಕ್ಕ ನಿಲ್ಲುತ್ತಿದ್ದವರು ಟೆಕ್ನಿಷಿಯನ್‌ಗಳು.

ನನ್ನ ಸರ್ಟಿಫಿಕೇಟಿನಲ್ಲಿ ಇದ್ದದ್ದು ಏನು? ಕೋರ್ಸಿನ ಹೆಸರು, ವರ್ಷ, ಮಾರ್ಕ್ಸು. ಯಾವ ವಿಷಯ ಎಷ್ಟು ಗಂಟೆ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ, ಒಂದಕ್ಷರ ಇಲ್ಲ. ಕಾಲೇಜಿಗೆ ಬರೆದೆ. ಪ್ರಿನ್ಸಿಪಾಲರು ಬದಲಾಗಿದ್ದರು, ಹಳೇ ರಿಜಿಸ್ಟರು ಸಿಗಲಿಲ್ಲ. ಅಪ್ಪ ಅಡಿಕೆ ಕೊಯ್ಲು ಬಿಟ್ಟು ಮೂರು ಸಲ ಬೆಂಗಳೂರಿಗೆ ಹೋಗಿಬಂದರು, ನಿನಗೆ ಗೊತ್ತೇ ಇದೆ. ಎಂಟು ತಿಂಗಳಾಯಿತು ಎರಡು ಹಾಳೆ ಕೈಗೆ ಬರಲು. ಆ ಎರಡು ಹಾಳೆಯ ಬಲದಿಂದ ಪಾಠದ ಗಂಟೆಗಳಲ್ಲಿ ಬಹುಪಾಲನ್ನು ಒಪ್ಪಿದರು. ಅನಸ್ತೇಷಿಯಾ ಪೋಸ್ಟಿಂಗ್ ಮಾಡಿ ಕೊನೆಯ ಪರೀಕ್ಷೆ ಬರೆಯಲು ಹೇಳಿದರು. ಈಗ ಅದೇ ನಡೆಯುತ್ತಿದೆ. ಬೆಳಗ್ಗೆ ಏಳಕ್ಕೆ ಆಪರೇಷನ್ ಥಿಯೇಟರಿನಲ್ಲಿ ನಿಂತಿರುತ್ತೇನೆ, ನಿದ್ದೆಗೆ ಜಾರುವ ಮೊದಲು ರೋಗಿ ನೋಡುವ ಕೊನೆಯ ಮುಖ ನನ್ನದಾಗಿರುತ್ತದೆ. ಈ ಕೆಲಸ ನನಗೆ ತುಂಬ ಹಿಡಿಸಿದೆ.

ಅದಕ್ಕೇ ಹೇಳುವುದು. ಅಲ್ಲಿರುವಾಗಲೇ, ನಿನ್ನನ್ನು ಕಂಡು ಗೊತ್ತಿರುವ ಮೇಡಮ್‌ಗಳು ಇರುವಾಗಲೇ, ಪ್ರತಿ ವಿಷಯದ ಗಂಟೆ ಬರೆಸಿಕೋ. ಪಾಠ ಬೇರೆ, ಪೋಸ್ಟಿಂಗ್ ಬೇರೆ. ಮೆಡಿಕಲ್ ಐಸಿಯು ಎಷ್ಟು, ಸರ್ಜಿಕಲ್ ಎಷ್ಟು, ಕಾರ್ಡಿಯಾಕ್ ಎಷ್ಟು. ಲಾಗ್‌ಬುಕ್ಕನ್ನು ಹಾಸ್ಟೆಲ್ ಖಾಲಿ ಮಾಡುವಾಗ ರದ್ದಿಗೆ ಹಾಕಬೇಡ, ಪುಟಪುಟಕ್ಕೂ ಸಹಿ ಮಾಡಿಸು. ಸಿಲಬಸ್ಸಿನ ಪ್ರತಿಗೆ ಕಾಲೇಜಿನ ಮೊಹರು ಬೀಳಲಿ. ಅನಸ್ತೇಷಿಯಾ ವಿಭಾಗದಲ್ಲಿ ಎರಡು ವಾರ ನಿಲ್ಲಲು ಬಿಡುತ್ತಾರಾ ಕೇಳು, ಬಿಟ್ಟರೆ ಅದನ್ನೂ ಬರೆಸು. ಆಸ್ಪತ್ರೆಯ ಅನುಭವ ಪತ್ರದಲ್ಲಿ 'ಸ್ಟಾಫ್ ನರ್ಸ್ ಆಗಿದ್ದರು, ನಡತೆ ಉತ್ತಮ' ಎಂದಷ್ಟೇ ಬರೆದರೆ ಒಪ್ಪಬೇಡ. ಎಷ್ಟು ಹಾಸಿಗೆಯ ಐಸಿಯು, ವಾರಕ್ಕೆ ಎಷ್ಟು ಗಂಟೆ, ಯಾವ ಯಾವ ಕೆಲಸ, ಎಲ್ಲ ಬೇಕು. ಓದಿನ ಕೊರತೆಯನ್ನು ಅನುಭವದಿಂದ ತುಂಬಿಸಿಕೊಳ್ಳಲು ಇಲ್ಲಿಯ ಕಾನೂನಿನಲ್ಲಿ ಜಾಗ ಇದೆ, ಆದರೆ ಬರೆದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಡಿಪ್ಲೊಮಾವನ್ನೂ ನೋಂದಾಯಿಸಿಕೋ.

ಏಜೆಂಟರ ವಿಷಯ ನನಗೆ ಚಿಂತೆ. ನಿನ್ನಿಂದ ಲಕ್ಷಗಟ್ಟಲೆ ಕೇಳುವವರ ಕಡೆ ತಿರುಗಿಯೂ ನೋಡಬೇಡ. ಕರೆಸಿಕೊಳ್ಳುವ ಆಸ್ಪತ್ರೆಯೇ ಖರ್ಚು ಕೊಡಬೇಕು ಎಂಬುದು ಇಲ್ಲಿ ಸರ್ಕಾರ ಕೊಡುವ 'ಫೇರ್ ರಿಕ್ರೂಟ್‌ಮೆಂಟ್ ಹೆಲ್ತ್‌ಕೇರ್ ಜರ್ಮನಿ' ಮುದ್ರೆಯ ನಿಯಮ. ಆ ಮುದ್ರೆ ಇದೆಯಾ ನೋಡು. ಒಪ್ಪಂದದಲ್ಲಿ ಇಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ, ಹೋದರೆ ಇಷ್ಟು ಯೂರೋ ಕಟ್ಟಬೇಕು ಎಂದಿದ್ದರೆ ಸಹಿ ಹಾಕುವ ಮೊದಲು ನನಗೆ ಕಳಿಸು. ನಾನು ಓದದೆ ಯಾವುದಕ್ಕೂ ಸಹಿ ಹಾಕಕೂಡದು. ಇದು ಅಕ್ಕನ ಆಜ್ಞೆ ಅಂದುಕೋ.

ಒಂಟಿತನ ಬರುತ್ತದೆ, ಬರುವುದಿಲ್ಲ ಎಂದು ಸುಳ್ಳು ಹೇಳಲಾರೆ. ನಮ್ಮ ಬೀದಿಯ ಕೊನೆಯಲ್ಲಿ ಮಲಯಾಳಿ ಆಂಟಿ ಒಬ್ಬರಿದ್ದಾರೆ, ನಿವೃತ್ತ ನರ್ಸು. 1960, 70ರ ದಶಕದಲ್ಲಿ ಕೇರಳದಿಂದ ಚರ್ಚುಗಳ ಮೂಲಕ ಇಲ್ಲಿಗೆ ಬಂದ ಹುಡುಗಿಯರಲ್ಲಿ ಒಬ್ಬರು. ಸಹಾಯಕಿಯಾಗಿದ್ದ ಆ ವರ್ಷ ನಾನು ವಾಪಸ್ ಬಂದುಬಿಡುತ್ತೇನೆ ಎಂದು ಪೆಟ್ಟಿಗೆ ಇಳಿಸಿದ್ದಾಗ, ಗಂಜಿ ಮಾಡಿ, ಉಪ್ಪಿನಕಾಯಿ ಜೊತೆ ಡಬ್ಬಿಯಲ್ಲಿ ತಂದುಕೊಟ್ಟರು. ಏನೂ ಬುದ್ಧಿ ಹೇಳಲಿಲ್ಲ. ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತಿದ್ದು, ಡಬ್ಬಿ ತೆಗೆದುಕೊಂಡು ಹೋದರು. ನೀನು ಬಂದರೆ ಆ ಗಂಜಿ ನಾನು ಮಾಡುತ್ತೇನೆ.

ಅಮ್ಮನ ಮಂಡಿನೋವು ಹೇಗಿದೆ? ಮಾತ್ರೆ ಊಟವಾದ ಮೇಲೆ ತೆಗೆದುಕೊಳ್ಳುತ್ತಾಳಾ ಅಥವಾ ಮತ್ತೆ ಖಾಲಿ ಹೊಟ್ಟೆಯಲ್ಲೇನಾ? ಅಪ್ಪನಿಗೆ ಬಿಪಿ ನೋಡಿ ಬರೆದಿಡು. ಜರ್ಮನ್ ಕ್ಲಾಸಿಗೆ ಈಗಲೇ ಸೇರು, ಡಿಪ್ಲೊಮಾ ಮುಗಿಯಲಿ ಎಂದು ಕಾಯಬೇಡ.

ಮತ್ತೆ, ಸೋಮವಾರ ಕಾಲೇಜಿನ ಆಫೀಸು ತೆರೆದ ಕೂಡಲೇ ಹೋಗಿ ಗಂಟೆಗಳ ಪಟ್ಟಿಗೆ ಅರ್ಜಿ ಕೊಡು. ಕೊಟ್ಟದ್ದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು, ಅದರ ಫೋಟೋ ನನಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ,
ಅಕ್ಕ