ಟೆಂಟಿಗಿಂತ ಮೊದಲು ಮ್ಯಾಟ್

ಮೊದಲ ಸಲ ಕ್ಯಾಂಪಿಂಗ್ ಹೊರಟವರು ಯಾವ ಟೆಂಟ್ ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಳ್ತಾರೆ. ಕೆಳಗೆ ಏನು ಹಾಸೋದು ಅಂತ ಯಾರೂ ಕೇಳಲ್ಲ. ಪಶ್ಚಿಮ ಘಟ್ಟದ ಡಿಸೆಂಬರ್ ರಾತ್ರೀಲಿ ಚಳಿ ನೆಲದಿಂದಲೂ ಹತ್ತುತ್ತೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇರಲಿ, ಮೈಭಾರಕ್ಕೆ ಅಡಿಭಾಗ ಚಪ್ಪಟೆಯಾಗಿ ಬೆಚ್ಚಗಿಡೋ ಗಾಳಿ ಹೊರಗೆ ಹೋಗಿರುತ್ತೆ. ಸುರುಳಿ ಸುತ್ತೋ ಫೋಮ್ ಮ್ಯಾಟ್ ಒಂದಿದ್ರೆ ಅರ್ಧ ನಿದ್ದೆ ಗ್ಯಾರಂಟಿ.

ಆಮೇಲೆ ಹೆಡ್‌ಲ್ಯಾಂಪ್. ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದರಲ್ಲಿ ಗೂಟ ಹೊಡೆದು ನೋಡಿ, ಯಾಕೆ ಅಂತ ತಿಳಿಯುತ್ತೆ. ಮಲಗೋಕೆ ಅಂತಲೇ ಒಂದು ಜೊತೆ ಒಣ ಕಾಲುಚೀಲ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಟ್ಕೊಳ್ಳಿ.

ಕಾಡಾದ್ರೆ ಅರಣ್ಯ ಇಲಾಖೆ ಅನುಮತಿ ಮೊದಲೇ ವಿಚಾರಿಸಿ. ಬ್ಲೂಟೂತ್ ಸ್ಪೀಕರ್ ಮಾತ್ರ ದಯವಿಟ್ಟು ಮನೇಲೇ ಬಿಟ್ಟು ಬನ್ನಿ.